ಆದಾಗ ಆಗ್ತೈತಿ

(ವಿಜಯಪುರದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮೈಕಿನ ಗೊರಗೊರ, ನನ್ನ ತಡವರಿಕೆ ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯಿಂದ ನಸುಕಿನ ಬಸ್ಸು ಹತ್ತಿ ಬಂದೆ. ನೇರ ನಿಮ್ಮ ಕಾಲೇಜಿಗೆ ಬರಬೇಕಿತ್ತು. ಆದರೆ ಮೊದಲು ಬಾರಾ ಕಮಾನಿಗೆ, ಆ ಅರ್ಧ ಕಟ್ಟಿದ ಗೋರಿಗೆ, ಹೋಗಿ ಹತ್ತು ನಿಮಿಷ ನಿಂತು ಬಂದೆ. ಇದು ನಾನು ಹುಟ್ಟಿ ಬೆಳೆದ ಊರು. ಇಲ್ಲಿದ್ದಾಗ ಆ ಕಮಾನುಗಳನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ನೆಂಟರು ಬಂದರೆ ಗೋಳಗುಮ್ಮಟ ತೋರಿಸುತ್ತಿದ್ದೆವು. ಅರ್ಧಕ್ಕೆ ನಿಂತದ್ದನ್ನು ಯಾರಿಗೆ ತೋರಿಸುವುದು ಅಲ್ವಾ?

ಇವತ್ತು ಹೇಳಬೇಕೆಂದಿರುವುದು ಒಂದು ವಿಡಿಯೋ ಗೇಮಿನ ಕಥೆ. ಅದನ್ನು ಮಾಡುತ್ತಾ ಮಾಡುತ್ತಾ ಕುಸಿದು ಹೋದ ಸ್ಟುಡಿಯೋದ ಕಥೆ. ಬಾರಾ ಕಮಾನ್ ನಡುವೆ ಬರುತ್ತದೆ.

ಮೊದಲು ನನ್ನ ಕಥೆ ಸ್ವಲ್ಪ. 1999ರ ಹೊತ್ತಿಗೆ ನಮ್ಮ ಓಣಿಯ ತುದಿಯಲ್ಲಿ ಒಂದು ಡಿಟಿಪಿ ಸೆಂಟರ್ ಇತ್ತು. ಮೂರು ಕಂಪ್ಯೂಟರ್. ಹಗಲು ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ. ರಾತ್ರಿ ಎಂಟರ ಮೇಲೆ ನಮ್ಮಂಥ ಹುಡುಗರಿಗೆ ಗಂಟೆ ಲೆಕ್ಕದಲ್ಲಿ ಆಟ. ಅಂಗಡಿಯವರನ್ನು ಕಾಕಾ ಎನ್ನುತ್ತಿದ್ದೆವು. ಅವರ ಹತ್ತಿರ ಗೀಚಿ ಗೀಚಿ ಬೆಳ್ಳಗಾದ ಒಂದು ಸಿಡಿ ಇತ್ತು. ಅದರಲ್ಲಿ ಡ್ಯೂಕ್ ನ್ಯೂಕೆಮ್ 3ಡಿ.

ನಿಮ್ಮಲ್ಲಿ ಎಷ್ಟು ಜನ ಆಡಿದ್ದೀರಿ? ಇಬ್ಬರು. ಸರಿ.

1996ರಲ್ಲಿ ಬಂದ ಆಟ ಅದು. ಹೊಂಬಣ್ಣದ ತಲೆಗೂದಲು ಗಿಡ್ಡ ಕತ್ತರಿಸಿದ, ಕೆಂಪು ಬನಿಯನ್ನಿನ, ಕಪ್ಪು ಕನ್ನಡಕದ ಒಬ್ಬ ಒರಟ. ಊರಿಗೆ ನುಗ್ಗಿದ ಅನ್ಯಗ್ರಹದವರನ್ನು ಹೊಡೆಯುತ್ತಾನೆ. ಕಥೆ ಅಷ್ಟೇ. ಅವನ ಬಾಯಿ ಬಹಳ ಕೆಟ್ಟದ್ದು. ಹೆಣ್ಣುಮಕ್ಕಳನ್ನು ತೋರಿಸಿದ ರೀತಿಯಂತೂ ಈಗ ನೋಡಿದರೆ ನಾಚಿಕೆಯಾಗುತ್ತದೆ. ಆದರೆ ಆಗ ನಮಗೆ ಹುಚ್ಚು ಹಿಡಿಸಿದ್ದು ಬೇರೆ. ಗೋಡೆಯ ಮೇಲೆ ಸ್ವಿಚ್ ಇದ್ದರೆ ಒತ್ತಬಹುದಿತ್ತು, ದೀಪ ಆರುತ್ತಿತ್ತು. ಕನ್ನಡಿ ಮುಂದೆ ನಿಂತರೆ ಡ್ಯೂಕ್ ಕಾಣುತ್ತಿದ್ದ. ಬಚ್ಚಲಿನ ಫ್ಲಶ್ ಕೂಡ ಕೆಲಸ ಮಾಡುತ್ತಿತ್ತು! ಅಲ್ಲಿಯವರೆಗೆ ಆಟದೊಳಗಿನ ಮನೆ ಎಂದರೆ ಗೋಡೆಗೆ ಅಂಟಿಸಿದ ಚಿತ್ರ. ಇಲ್ಲಿ ಮೊದಲ ಸಲ ಮುಟ್ಟಿದರೆ ಉತ್ತರ ಕೊಡುವ ಊರು ಸಿಕ್ಕಿತ್ತು.

ಹತ್ತು ಗಂಟೆಗೆ ಕಾಕಾ ಬಂದು ಬೆನ್ನ ಹಿಂದೆ ನಿಲ್ಲುತ್ತಿದ್ದರು. "ಏ ತಮ್ಮಾ, ಸಾಕು, ಏಳು. ನಾಳೆ ಲಗ್ನಪತ್ರಿಕಿ ಕೊಡೋದೈತಿ." ಇನ್ನೊಂದು ಐದು ನಿಮಿಷ ಎಂದರೂ ಕೇಳುತ್ತಿರಲಿಲ್ಲ. ಸ್ವಿಚ್ ಬೋರ್ಡಿಗೇ ಕೈ ಹಾಕುತ್ತಿದ್ದರು.

ಆ ಆಟ ಮಾಡಿದ್ದು ಅಮೆರಿಕದ ಟೆಕ್ಸಾಸಿನ ಗಾರ್ಲೆಂಡ್ ಎಂಬ ಊರಿನ 3ಡಿ ರೆಲ್ಮ್ಸ್. ಮೊದಲಿನ ಹೆಸರು ಅಪೋಜಿ. 1987ರಲ್ಲಿ ಸ್ಕಾಟ್ ಮಿಲ್ಲರ್ ಶುರು ಮಾಡಿದ್ದು, ಆಮೇಲೆ ಜಾರ್ಜ್ ಬ್ರೂಸಾರ್ಡ್ ಪಾಲುದಾರರಾದರು. ಮಿಲ್ಲರ್ ಬುದ್ಧಿವಂತ ವ್ಯಾಪಾರಿ. ಆಟದ ಮೊದಲ ಭಾಗವನ್ನು ಪುಕ್ಕಟೆ ಹಂಚುವುದು, ರುಚಿ ಹತ್ತಿದವರು ಉಳಿದ ಭಾಗಗಳಿಗೆ ದುಡ್ಡು ಕಳಿಸುವುದು. ಸಂತೆಯಲ್ಲಿ ಹಣ್ಣಿನವನು ಒಂದು ಹೋಳು ಕೊಯ್ದು ಕೈಗೆ ಕೊಡುತ್ತಾನಲ್ಲ, ಅದೇ ಲೆಕ್ಕ. ಹೀಗಾಗಿ ಅವರಿಗೆ ಸಾಹುಕಾರರ ಹಂಗೇ ಇರಲಿಲ್ಲ. ಡ್ಯೂಕ್ ನ್ಯೂಕೆಮ್ 3ಡಿ ಸುಮಾರು 35 ಲಕ್ಷ ಪ್ರತಿ ಮಾರಾಟವಾಯಿತು. ಗಲ್ಲಾ ತುಂಬಿತು.

1997ರ ಏಪ್ರಿಲ್‌ನಲ್ಲಿ ಮುಂದಿನ ಆಟ ಘೋಷಿಸಿದರು. ಡ್ಯೂಕ್ ನ್ಯೂಕೆಮ್ ಫಾರೆವರ್. 1998ಕ್ಕೆ ಬರುತ್ತದೆ ಎಂದರು. ಫಾರೆವರ್ ಎಂದರೆ ಯಾವಾಗಲೂ, ಎಂದೆಂದಿಗೂ. ಇಂಥ ಹೆಸರು ಇಡುವ ಮುಂಚೆ ಯಾರಾದರೂ ಹಿರಿಯರನ್ನು ಕೇಳಬೇಕಿತ್ತು.

ಈಗ ಎಂಜಿನ್ ವಿಷಯ. ನೀವು ಕಂಪ್ಯೂಟರ್ ಸೈನ್ಸ್ ಹುಡುಗರು, ನಿಮಗೆ ಗೊತ್ತು. ಆದರೆ ಹಿಂದೆ ಮೆಕ್ಯಾನಿಕಲ್ ಸರ್ ಒಬ್ಬರು ಕೂತಿದ್ದಾರೆ, ಅವರಿಗೆ ಎಂಜಿನ್ ಎಂದರೆ ಬೇರೆ! ಆಟದ ಎಂಜಿನ್ ಎಂದರೆ ಆಟದ ಚಿತ್ರ, ಚಲನೆ ಎಲ್ಲ ನಡೆಸುವ ಮೂಲ ಪ್ರೋಗ್ರಾಂ; ಮಗ್ಗ ಎಂದುಕೊಳ್ಳಿ. ನನ್ನ ಸೋದರಮಾವ ಇಳಕಲ್ಲಿನಲ್ಲಿ ಸೀರೆ ನೇಯುತ್ತಾರೆ. ಅಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಒಮ್ಮೆ ಹಾಸು ಹೂಡಿದ ಮೇಲೆ ಬಣ್ಣ ಬದಲಿಸಬೇಕು ಎಂದರೆ ಮಾವ ನಕ್ಕುಬಿಡುತ್ತಾರೆ. ಹೊಕ್ಕಿನ ನೂಲು ಬದಲಿಸಬಹುದು, ಲಾಳಿ ಬದಲಿಸಿದರೆ ಆಯ್ತು. ಹಾಸು ಬದಲಿಸುವುದು ಎಂದರೆ ಎಲ್ಲ ಕತ್ತರಿಸಿ ಮೊದಲಿಂದ.

ಡ್ಯೂಕ್ ತಂಡ ಮಾಡಿದ್ದು ಅದನ್ನೇ. ಮೊದಲು ಐಡಿ ಸಾಫ್ಟ್‌ವೇರ್‌ನವರ ಕ್ವೇಕ್ 2 ಎಂಜಿನ್ ಕೊಂಡರು. 1998ರ ಮೇ ತಿಂಗಳಲ್ಲಿ ಇ3 ಎಂಬ ವಿಡಿಯೋ ಗೇಮ್ ಮೇಳದಲ್ಲಿ ಟ್ರೈಲರ್ ತೋರಿಸಿದರು, ಜನ ಬಾಯಿ ಬಿಟ್ಟು ನೋಡಿದರು. ಅದೇ ತಿಂಗಳು ಅನ್‌ರಿಯಲ್ ಎಂಬ ಹೊಸ ಆಟ ಬಂತು. ಅದರ ಎಂಜಿನ್ ಇನ್ನೂ ಚೆಂದ ಕಂಡಿತು. ಜೂನ್‌ನಲ್ಲಿ ಹಳೆಯದು ಬಿಟ್ಟು ಅನ್‌ರಿಯಲ್ ಹಿಡಿದರು. ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳ ಕೆಲಸ ಎಂದು ಅಂದುಕೊಂಡಿದ್ದರು. ಮಾಡಿದ ಕೆಲಸದಲ್ಲಿ ಬಹುಪಾಲು ಮತ್ತೆ ಮಾಡಬೇಕಾಯಿತು.

1999 ಹೋಯಿತು. 2000 ಹೋಯಿತು. 2001ರ ಇ3 ಮೇಳಕ್ಕೆ ಮತ್ತೊಂದು ಟ್ರೈಲರ್ ಬಂತು. ನಾನು ಆಗ ಹೈಸ್ಕೂಲು. ಸೈಬರ್ ಕೆಫೆಯಲ್ಲಿ ಕೂತು ಆ ವಿಡಿಯೋ ಇಳಿಸಿಕೊಳ್ಳಲು ಎರಡು ಗಂಟೆ ಕಾದಿದ್ದೆ. ಇನ್ನೇನು ಬಂದೇ ಬಿಟ್ಟಿತು ಎಂದು ಓಣಿಯಲ್ಲಿ ಸಾರಿಕೊಂಡು ಬಂದಿದ್ದೆ. ಯಾವಾಗ ಎಂದು ಕೇಳಿದವರಿಗೆಲ್ಲ ಸ್ಟುಡಿಯೋದವರು ಕೊಡುತ್ತಿದ್ದ ಉತ್ತರ ಒಂದೇ. ಅದನ್ನು ನಮ್ಮ ಕಡೆ ಮಾತಿನಲ್ಲಿ ಹೇಳುವುದಾದರೆ: "ಆದಾಗ ಆಗ್ತೈತಿ."

ಆ ಉತ್ತರದಲ್ಲಿ ತಪ್ಪೇನೂ ಇಲ್ಲ, ಹೇಳುವವರ ಕೈಯಲ್ಲಿ ದುಡ್ಡು ತೀರುತ್ತಾ ಬಂದಿದ್ದರೆ. ಆಗ ಅದು ಬೇಗ ಆಗುತ್ತದೆ. ಇವರಲ್ಲಿ ದುಡ್ಡು ತೀರುತ್ತಿರಲಿಲ್ಲ. ನಾನು ಇವತ್ತು ಹೇಳಬೇಕೆಂದು ಬಂದ ಮಾತೇ ಇದು. ಗೇಮ್ ಕಂಪನಿ ಮುಳುಗಿತು ಎಂದರೆ ದುಡ್ಡಿಲ್ಲದೆ ಮುಳುಗಿತು ಎಂದುಕೊಳ್ಳುತ್ತೇವೆ. ಕೊನೆಯ ದಿನ ಹಾಗೆಯೇ ಕಾಣುತ್ತದೆ ನಿಜ. ಆದರೆ ಈ ಸ್ಟುಡಿಯೋ ಹಾಳಾದದ್ದು ದುಡ್ಡು ಇದ್ದುದಕ್ಕೆ.

ಹೇಗೆ ಎಂದು ಹೇಳುತ್ತೇನೆ. ಸಾಮಾನ್ಯವಾಗಿ ಪ್ರಕಾಶಕ ಕಂಪನಿ ಕಂತು ಕಂತಾಗಿ ದುಡ್ಡು ಕೊಡುತ್ತದೆ. ಇಷ್ಟು ಕೆಲಸ ತೋರಿಸು, ಇಷ್ಟು ದುಡ್ಡು ತಗೋ. ಮನೆ ಕಟ್ಟಲು ಬ್ಯಾಂಕ್ ಸಾಲ ಕೊಟ್ಟ ಹಾಗೆ. ಲಿಂಟಲ್ ಮಟ್ಟಕ್ಕೆ ಬಂದರೆ ಒಂದು ಕಂತು, ಸ್ಲ್ಯಾಬ್ ಬಿದ್ದರೆ ಇನ್ನೊಂದು. ಕಿರಿಕಿರಿ ನಿಜ, ಆದರೆ ಮನೆ ಏಳುತ್ತದೆ. ಈ ಆಟ ಪ್ರಕಟಿಸುವ ಹಕ್ಕನ್ನು 2000ದ ಡಿಸೆಂಬರ್‌ನಲ್ಲಿ ಟೇಕ್-ಟು ಕಂಪನಿ ಪಡೆಯಿತು. ಹಕ್ಕಿಗೆಂದೇ 1.2 ಕೋಟಿ ಡಾಲರ್ ಖರ್ಚಾಗಿತ್ತು. ಆದರೆ ಆ ದುಡ್ಡು ಹೋಗಿದ್ದು ಹಿಂದಿನ ಪ್ರಕಾಶಕರಿಗೆ. ಆಟ ಮಾಡುವ ಖರ್ಚು ಬ್ರೂಸಾರ್ಡ್ ಮತ್ತು ಮಿಲ್ಲರ್ ಅವರ ಸ್ವಂತದ್ದು. ಸ್ವಂತ ದುಡ್ಡು ಹಾಕಿದವನನ್ನು ಕೇಳುವವರು ಯಾರು? 2003ರಲ್ಲಿ ಟೇಕ್-ಟು ಮುಖ್ಯಸ್ಥರು ಆಟ ತಡವಾಗುತ್ತಿದೆ ಎಂದು ಗೊಣಗಿದರು. ಬಾಯಿ ಮುಚ್ಚಿಕೊಂಡಿರಲಿ ಎಂದು ಬ್ರೂಸಾರ್ಡ್ ಎಲ್ಲರೆದುರೇ ಬರೆದರು.

2006ರ ಕೊನೆಯೊಳಗೆ ಆಟ ಮುಗಿಸಿ ಕೊಟ್ಟರೆ 5 ಲಕ್ಷ ಡಾಲರ್ ಹೆಚ್ಚಿಗೆ ಕೊಡುತ್ತೇವೆ ಎಂದು ಅದೇ ಕಂಪನಿ ಆಸೆ ತೋರಿಸಿತು. ಅಷ್ಟಕ್ಕಾಗಿ ನಾವು ಅವಸರ ಮಾಡುವುದಿಲ್ಲ ಎಂಬ ಉತ್ತರ ಬಂತು. ಒಂಬತ್ತು ವರ್ಷ ಆದ ಮೇಲೆ ಅವಸರ!

ಒಳಗೆ ಏನು ನಡೆಯುತ್ತಿತ್ತು? ಬ್ರೂಸಾರ್ಡ್ ಒಳ್ಳೆಯ ಆಟಗಾರ. ಹೊಸದಾಗಿ ಏನು ಬಂದರೂ ಆಡುತ್ತಿದ್ದರು. ಅದರಲ್ಲಿ ಚೆಂದ ಕಂಡದ್ದು ನಮ್ಮಲ್ಲೂ ಇರಬೇಕು ಎನ್ನುತ್ತಿದ್ದರು. ಒಂದು ಸಲ ಹಿಮದ ದೃಶ್ಯ ತಲೆಯಲ್ಲಿ ಕೂತಿತು, ನಮ್ಮ ಆಟದಲ್ಲೂ ಹಿಮ ಬರಲಿ ಎಂದರು. ಇತ್ತ ತಂಡ ಬಹಳ ಸಣ್ಣದು; 2003ರಲ್ಲಿ ಕೇವಲ 18 ಜನ. ಆಗ ಬೇರೆ ದೊಡ್ಡ ಆಟಗಳಿಗೆ ಅದರ ಎರಡು ಮೂರು ಪಟ್ಟು ಜನ ದುಡಿಯುತ್ತಿದ್ದರು. ಜನ ಕಡಿಮೆ, ಆಸೆ ಜಾಸ್ತಿ. ಒಂದು ಮೂಲೆ ಮುಗಿಸುವಷ್ಟರಲ್ಲಿ ಇನ್ನೊಂದು ಮೂಲೆ ಹಳತಾಗುತ್ತಿತ್ತು.

ಅಲ್ಲಿಯ ಹುಡುಗರ ಬಗ್ಗೆ ನನಗೆ ಜಾಸ್ತಿ ಮರುಕ. ಕೆಲವರ ದುಡಿಮೆಯ ಅರ್ಧ ಆಯುಷ್ಯ ಈ ಒಂದೇ ಆಟದಲ್ಲಿ ಹೋಯಿತು. ಮುಂದಿನ ಕೆಲಸಕ್ಕೆ ಅರ್ಜಿ ಹಾಕುವಾಗ ಇದು ನಾನು ಮಾಡಿದ್ದು ಎಂದು ತೋರಿಸಲು ಹೊರಗೆ ಬಂದ ಒಂದು ಆಟವೂ ಇಲ್ಲ. 2006ರ ಆಸುಪಾಸಿಗೆ ತಂಡದ ಅರ್ಧದಷ್ಟು ಜನ ಬಿಟ್ಟು ಹೋದರು. ಇತ್ತ ವೈರ್ಡ್ ಪತ್ರಿಕೆ ಪ್ರತಿವರ್ಷ ಬಾರದ ಸರಕುಗಳಿಗೆ ತಮಾಷೆಯ ಪ್ರಶಸ್ತಿ ಕೊಡುತ್ತಿತ್ತು. ಡ್ಯೂಕ್ ಅದನ್ನು ಗೆದ್ದು ಗೆದ್ದು, 2003ರಲ್ಲಿ ಜೀವಮಾನ ಸಾಧನೆ ಪ್ರಶಸ್ತಿಯನ್ನೇ ಕೊಟ್ಟುಬಿಟ್ಟರು.

ಈಗ ಬಾರಾ ಕಮಾನಿಗೆ ಬರುತ್ತೇನೆ. ಗೋಳಗುಮ್ಮಟ ಕಟ್ಟಿಸಿದವನು ಮೊಹಮ್ಮದ್ ಆದಿಲ್ ಶಾಹ. ಅವನ ಮಗ ಎರಡನೇ ಅಲಿ ಆದಿಲ್ ಶಾಹ, ಪಟ್ಟಕ್ಕೆ ಬಂದದ್ದು 1656ರಲ್ಲಿ. ಅಪ್ಪನ ಗುಮ್ಮಟವನ್ನೂ ಮೀರಿಸಬೇಕು ಎಂದು ಹೊರಟ ಎಂದು ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. 1672ರಲ್ಲಿ ತೀರಿಕೊಂಡ. ಕಮಾನುಗಳು ನಿಂತವು, ಮೇಲೆ ಗುಮ್ಮಟ ಬರಲೇ ಇಲ್ಲ. ಅವನ ಗೋರಿ ಆಕಾಶದ ಕೆಳಗೇ ಇದೆ.

ನಿನ್ನೆ ರಾತ್ರಿಯವರೆಗೆ ಈ ಹೋಲಿಕೆ ನನಗೆ ಬಹಳ ಇಷ್ಟವಾಗಿತ್ತು. ಗೆದ್ದ ಮೊದಲ ಆಟ ಗೋಳಗುಮ್ಮಟ, ಎರಡನೆಯದು ಬಾರಾ ಕಮಾನ್. ಇವತ್ತು ಬೆಳಿಗ್ಗೆ ಅಲ್ಲಿ ನಿಂತಾಗ ಅರ್ಧ ತಪ್ಪು ಎನಿಸಿತು. ಗೋರಿ ಕಟ್ಟಿಸುವವನಿಗೆ ಒಂದು ಗಡುವು ಇದ್ದೇ ಇರುತ್ತದೆ, ಅದು ಅವನ ಸಾವು. ಅಲಿಗೆ ಹದಿನಾರು ವರ್ಷ ಸಿಕ್ಕವು, ಅದರ ತುಂಬಾ ಶಿವಾಜಿಯ ಕಾಟ, ಮೊಘಲರ ಕಾಟ. ಅವನು ಮುಗಿಸಲಿಲ್ಲ ಎಂದರೆ ಒಪ್ಪಬಹುದು. ಟೆಕ್ಸಾಸಿನವರ ಬಾಗಿಲಿಗೆ ಯಾವ ಸೈನ್ಯವೂ ಬಂದಿರಲಿಲ್ಲ.

ಬಂದದ್ದು ಲೆಕ್ಕದ ಪುಸ್ತಕ. ಇನ್ನೊಬ್ಬರ ಕೈಯಲ್ಲಿ ಮಾಡಿಸಿದ ಮ್ಯಾಕ್ಸ್ ಪೇನ್ ಆಟ ಗೆದ್ದಿತ್ತು, ಅದರ ಹಕ್ಕು ಮಾರಿ 2002ರಲ್ಲಿ ಅದನ್ನು ಮಾಡಿದವರಿಗೂ ಇವರಿಗೂ ಸೇರಿ ಒಂದು ಕೋಟಿ ಡಾಲರ್ ನಗದು, ಮೇಲೆ ಷೇರು ಬಂದಿತ್ತು. ಅಂಥ ದುಡ್ಡೆಲ್ಲ ಈ ಬಾವಿಗೆ ಹೋಯಿತು. ಪಾಲುದಾರರು ಸುಮಾರು ಎರಡು ಕೋಟಿ ಡಾಲರ್ ಸ್ವಂತದ್ದು ಸುರಿದಿದ್ದರು. 2009ರ ಹೊತ್ತಿಗೆ ಕೈ ಬರಿದಾಯಿತು. ಮುಗಿಸಲು 60 ಲಕ್ಷ ಡಾಲರ್ ಕೊಡಿ ಎಂದು ಟೇಕ್-ಟು ಬಾಗಿಲಿಗೇ ಹೋದರು. ಬಾಯಿ ಮುಚ್ಚಿಕೊಂಡಿರಲಿ ಎಂದಿದ್ದರಲ್ಲ, ಅದೇ ಬಾಗಿಲು. ಈಗ 25 ಲಕ್ಷ, ಮುಗಿದ ಮೇಲೆ 25 ಲಕ್ಷ ಎಂಬ ಉತ್ತರ ಬಂತು. ಬ್ರೂಸಾರ್ಡ್ ಒಪ್ಪಲಿಲ್ಲ.

2009ರ ಮೇ 6. ತಂಡದವರನ್ನೆಲ್ಲ ಮನೆಗೆ ಕಳಿಸಿದರು. ಹೋಗುವ ಮುಂಚೆ ಎಲ್ಲರೂ ನಿಂತು ಒಂದು ಗುಂಪು ಫೋಟೋ ತೆಗೆಸಿಕೊಂಡರು. ಹತ್ತನೇ ತರಗತಿ ಮುಗಿದಾಗ ನಾವು ತೆಗೆಸಿಕೊಳ್ಳುತ್ತೇವಲ್ಲ, ಹಾಗೆ. ಅದೇ ತಿಂಗಳು ಟೇಕ್-ಟು ಕೋರ್ಟಿಗೆ ಹೋಯಿತು. ಮರುವರ್ಷ ರಾಜಿಯಾಯಿತು.

ಕಂಪನಿಯ ಹೆಸರು ಉಳಿಯಿತು, ಆಟ ಮಾಡುವ ಜನ ಉಳಿಯಲಿಲ್ಲ. ಆದರೆ ನನಗೆ ಬಹಳ ಇಷ್ಟವಾದ ಭಾಗ ಇಲ್ಲಿದೆ. ಕೆಲಸ ಕಳೆದುಕೊಂಡವರಲ್ಲಿ ಕೆಲವರು ಸುಮ್ನೆ ಕೂರಲಿಲ್ಲ. ಟ್ರಿಪ್ಟಿಕ್ ಎಂದು ಸಣ್ಣ ಗುಂಪು ಕಟ್ಟಿಕೊಂಡು ಮನೆಯಲ್ಲೇ ಕೂತು ಅದೇ ಆಟದ ತುಣುಕುಗಳನ್ನು ಜೋಡಿಸಿದರು. ಆಮೇಲೆ ಗೇರ್‌ಬಾಕ್ಸ್ ಸ್ಟುಡಿಯೋ ಕೈಹಿಡಿಯಿತು. ಅದರ ಮುಖ್ಯಸ್ಥ ರ‍್ಯಾಂಡಿ ಪಿಚ್‌ಫರ್ಡ್ ಒಂದು ಕಾಲದಲ್ಲಿ 3ಡಿ ರೆಲ್ಮ್ಸ್‌ನಲ್ಲೇ ಕೆಲಸ ಮಾಡಿದವರು. 2011ರ ಜೂನ್‌ನಲ್ಲಿ ಡ್ಯೂಕ್ ನ್ಯೂಕೆಮ್ ಫಾರೆವರ್ ಅಂಗಡಿಗೆ ಬಂತು. ಹದಿನಾಲ್ಕು ವರ್ಷ. ಅದಕ್ಕೂ ಒಂದು ತಿಂಗಳು ಮುಂಚೆ ಬರಬೇಕಿತ್ತು, ಆಗಲೂ ತಡ ಮಾಡಿದರು!

ಆಟ ಹೇಗಿತ್ತು? ಕೆಟ್ಟದಾಗಿತ್ತು. ವಿಮರ್ಶಕರು ಸಿಗಿದು ಹಾಕಿದರು. 1996ರಲ್ಲಿ ಉಳಿದವರೆಲ್ಲ ಡ್ಯೂಕ್‌ನ ಹಿಂದೆ ಬರುತ್ತಿದ್ದರು. 2011ರಲ್ಲಿ ಡ್ಯೂಕ್ ಬೇರೆಯವರ ಹಿಂದೆ ಓಡುತ್ತಿದ್ದ. ಮೊದಲು ಹತ್ತು ಆಯುಧ ಹೊತ್ತು ತಿರುಗುತ್ತಿದ್ದವನ ಕೈಗೆ ಈಗ ಎರಡೇ; ಹ್ಯಾಲೋ ಎಂಬ ಆಟ ಬಂದ ಮೇಲೆ ಎಲ್ಲರೂ ಹಾಗೆ ಮಾಡಿದ್ದರು, ಇವರೂ ಮಾಡಿದರು. ಜೋಕುಗಳು ಹಳಸಿದ್ದವು. ಆಟದ ಶುರುವಿನಲ್ಲೇ ಡ್ಯೂಕ್ ಸೋಫಾದಲ್ಲಿ ಕೂತು ತನ್ನದೇ ವಿಡಿಯೋ ಗೇಮ್ ಆಡುತ್ತಿರುತ್ತಾನೆ, ಇಷ್ಟು ವರ್ಷ ಹಿಡಿದ ಆಟ ಚೆನ್ನಾಗಿರಲೇಬೇಕು ಎಂಬರ್ಥದ ಮಾತು ಹೇಳುತ್ತಾನೆ. ನಾನು ನಗಲಿಲ್ಲ. ತಡವಾಗಿ ಬಂದ ನೆಂಟ ತಾನೇ ತಡದ ಬಗ್ಗೆ ಜೋಕ್ ಹೊಡೆದ ಹಾಗಿತ್ತು.

2022ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. 2001ರ ಟ್ರೈಲರ್ ಕಾಲದ ಅರೆಬರೆ ಆಟ ಹೇಗೋ ಹೊರಗೆ ಸೋರಿತು. ಅದರಲ್ಲಿ ಎಷ್ಟೋ ಕೆಲಸ ಬಾಕಿ ಇತ್ತು, ಆದರೆ ಜೀವ ಇತ್ತು. ಆಡಿದವರಲ್ಲಿ ಬಹಳ ಜನ ಇದನ್ನೇ ಮುಗಿಸಬಾರದಿತ್ತೇ ಎಂದರು. ಹಳೆಯ ಪಾಲುದಾರರಿಬ್ಬರೂ ಮತ್ತೆ ಬಹಿರಂಗವಾಗಿ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿಕೊಂಡರು. ಅದನ್ನು ಓದುವಾಗ ನನಗೆ ಹೊಟ್ಟೆ ಚುರ್ ಎಂದಿತು. ಯಾಕೆಂದರೆ ನಾನೂ ಅದೇ ಜಗಳ ಆಡಿದವನು.

2013ರಲ್ಲಿ ಬೆಳಗಾವಿಯ ತಿಲಕವಾಡಿಯಲ್ಲಿ ನಾವು ಮೂರು ಜನ ಒಂದು ಕೋಣೆ ಬಾಡಿಗೆ ಹಿಡಿದೆವು. ಮೊಬೈಲಿಗೆ ಟಾಂಗಾ ಓಡಿಸುವ ಆಟ. ವಿಜಯಪುರದ ಬೀದಿ, ಗೋಳಗುಮ್ಮಟ, ಜುಮ್ಮಾ ಮಸೀದಿ, ದಾರಿಗೆ ಅಡ್ಡ ಎಮ್ಮೆ. ದುಡ್ಡು ಕೊಟ್ಟವರು ಗೆಳೆಯನ ಅಪ್ಪ, ತಿಕೋಟಾ ಕಡೆ ದ್ರಾಕ್ಷಿ ತೋಟದವರು. ಆ ವರ್ಷದ ಮಣೂಕ ಮಾರಿದ ದುಡ್ಡು. ಆರು ತಿಂಗಳಲ್ಲಿ ಎಮ್ಮೆ ಸಮೇತ ಆಟ ಓಡುತ್ತಿತ್ತು. ಆಮೇಲೆ ಯಾರೋ ಯೂನಿಟಿ ಎಂಜಿನ್ ತೋರಿಸಿದರು. ನೆರಳು ಎಷ್ಟು ಚೆಂದ ಬೀಳುತ್ತಿತ್ತು! ಬದಲಿಸಿದೆವು. ಕುದುರೆಯ ಕಾಲು ಸರಿಯಾಗಲು ಒಂದು ವರ್ಷ ಹಿಡಿಯಿತು.

ಗೆಳೆಯನ ಅಪ್ಪನನ್ನೂ ಕಾಕಾ ಎನ್ನುತ್ತಿದ್ದೆವು. ಅವರು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. "ಏನ್ರೆಪಾ, ನಿಮ್ಮ ಟಾಂಗಾ ಯಾವಾಗ ಬರ್ತೈತಿ?" ನಾನು ಡ್ಯೂಕ್ ಭಕ್ತ. "ಆದಾಗ ಆಗ್ತೈತ್ರಿ ಕಾಕಾ" ಎನ್ನುತ್ತಿದ್ದೆ. ಬಹಳ ದೊಡ್ಡ ಕಲಾವಿದನ ಹಾಗೆ. ಒಮ್ಮೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದ್ರಾಕ್ಷಿ ಹಂಗ ಅನ್ನೂದಿಲ್ಲ ತಮ್ಮಾ" ಎಂದರು. ಫೋನ್ ಇಟ್ಟರು. 2016ರಲ್ಲಿ ಕೋಣೆ ಖಾಲಿ ಮಾಡಿದೆವು. ಒಬ್ಬ ಪುಣೆಗೆ ಹೋದ. ಅವರ ಮಗ ಇವತ್ತಿಗೂ ನನ್ನ ಹತ್ತಿರ ಅಷ್ಟಕ್ಕಷ್ಟೇ. ತಪ್ಪು ಯಾರದು ಎಂದು ಕೇಳಿದರೆ ಎಂಜಿನ್ ಬದಲಿಸೋಣ ಎಂದು ಮೊದಲು ಹೇಳಿದವನು ನಾನೇ.

ನನ್ನ ಮಾತು ಇಷ್ಟೇ. ಏನಾದರೂ ಕೇಳುವುದಿದ್ದರೆ ಕೇಳಿ.

ಒಬ್ಬ ಹುಡುಗಿ: ಸರ್, ಹಂಗಾದ್ರೆ ಗಡುವು ಇಟ್ಟರೆ ಸಾಕಾ?

ಸಾಕಾಗುವುದಿಲ್ಲ ತಂಗಿ. ಸೈಬರ್‌ಪಂಕ್ 2077 ಎಂಬ ಆಟ ನೋಡು. ಮೂರು ಸಲ ದಿನ ಮುಂದೂಡಿ, 2020ರ ಡಿಸೆಂಬರ್‌ನಲ್ಲಿ ಇನ್ನು ತಡ ಮಾಡಲಾಗದು ಎಂದು ಮಾರುಕಟ್ಟೆಗೆ ಬಿಟ್ಟರು. ಹಳೆಯ ಪ್ಲೇಸ್ಟೇಷನ್‌ನಲ್ಲಿ ಆಡಲು ಬಾರದಷ್ಟು ಹದಗೆಟ್ಟಿತ್ತು. ಸೋನಿ ತನ್ನ ಅಂಗಡಿಯಿಂದ ಅದನ್ನು ತೆಗೆದೇ ಹಾಕಿತು. ಆಮೇಲೆ ವರ್ಷಗಟ್ಟಲೆ ರಿಪೇರಿ ಮಾಡಿ ಮರ್ಯಾದೆ ಉಳಿಸಿಕೊಂಡರು. ಇನ್ನೊಂದು ಕಡೆ ವಾಲ್ವ್ ಕಂಪನಿಯವರು 1997ರಲ್ಲಿ ತಮ್ಮ ಹಾಫ್-ಲೈಫ್ ಆಟ ಬಹುಪಾಲು ಆಗಿದ್ದಾಗ ನೋಡಿ, ಇದು ಸಪ್ಪೆಯಾಗಿದೆ ಎಂದು ಒಂದು ವರ್ಷ ತಡ ಮಾಡಿ ಮತ್ತೆ ಮಾಡಿದರು. 1998ರಲ್ಲಿ ಬಂತು, ಚರಿತ್ರೆಯಾಯಿತು. ಅವರು ಒಂದು ಸಲ ಕೆಡವಿದರು. ನಮ್ಮ ಡ್ಯೂಕ್‌ನವರು ಕೆಡವುತ್ತಲೇ ಇದ್ದರು.

ಹಿಂದಿನ ಸಾಲಿನಿಂದ: ಸರ್ಕಾರ ದುಡ್ಡು ಕೊಟ್ಟರೆ ಇಲ್ಲೇ ಸ್ಟುಡಿಯೋ ಮಾಡಬಹುದಲ್ಲ ಸರ್?

ಮಾಡಬಹುದು. ಆದರೆ 38 ಸ್ಟುಡಿಯೋಸ್ ಕಥೆ ಕೇಳಿ ಆಮೇಲೆ ಅರ್ಜಿ ಹಾಕು. ಕರ್ಟ್ ಶಿಲ್ಲಿಂಗ್ ಎಂಬ ಬೇಸ್‌ಬಾಲ್ ಆಟಗಾರ ಕಟ್ಟಿದ ಕಂಪನಿ. ರೋಡ್ ಐಲೆಂಡ್ ರಾಜ್ಯ 2010ರಲ್ಲಿ 7.5 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿತು. ಕಂಪನಿ ಆ ರಾಜ್ಯಕ್ಕೇ ವಲಸೆ ಹೋಯಿತು, ನೌಕರರು ಹೆಂಡತಿ ಮಕ್ಕಳ ಸಮೇತ ಹೋದರು. 2012ರ ಮೇ ತಿಂಗಳಲ್ಲಿ ಸಾಲದ ಕಂತು ತಪ್ಪಿತು, ಸಂಬಳ ನಿಂತಿತು, ಒಂದೇ ದಿನದಲ್ಲಿ ಎಲ್ಲರನ್ನೂ ಕೆಲಸದಿಂದ ತೆಗೆದರು. ಸುಮಾರು 400 ಜನ. ಅವರ ದೊಡ್ಡ ಆಟ ಹೊರಗೆ ಬರಲೇ ಇಲ್ಲ, ಸಾಲ ಜನರ ತೆರಿಗೆಯ ತಲೆಗೆ ಬಂತು. ದುಡ್ಡು ಸ್ವಂತದ್ದಾದರೂ ಸರ್ಕಾರದ್ದಾದರೂ, ನಡುವೆ ಬಂದು ಬೆನ್ನ ಹಿಂದೆ ನಿಲ್ಲುವವರು ಬೇಕು. ನಮ್ಮ ಡಿಟಿಪಿ ಕಾಕಾನಂಥವರು.

ಮುಂದಿನ ಸಾಲಿನ ಹುಡುಗ: ಸರ್, ಟಾಂಗಾ ಗೇಮ್ ಈಗ ಎಲ್ಲಿದೆ?

ಮನೆಯಲ್ಲಿ, ಕಬ್ಬಿಣದ ಕಪಾಟಿನಲ್ಲಿ, ಒಂದು ಹಾರ್ಡ್ ಡಿಸ್ಕ್‌ನಲ್ಲಿದೆ. ಹೋದ ದೀಪಾವಳಿಗೆ ಕಪಾಟು ಒರೆಸುವಾಗ ಸಿಕ್ಕಿತು. ಹಾಕಿ ನೋಡಿದೆ. ಯೂನಿಟಿಯದ್ದು ತೆರೆಯಲಿಲ್ಲ. ಮೊದಲ ಆರು ತಿಂಗಳದ್ದು, ಹಳೆಯದು, ತೆರೆಯಿತು. ಟಾಂಗಾ ಸ್ಟೇಷನ್ನಿಂದ ಹೊರಟು ಗೋಳಗುಮ್ಮಟದವರೆಗೆ ಹೋಗುತ್ತದೆ. ಒಂದು ಚಕ್ರ ನೆಲದೊಳಗೆ ಇಳಿದಿದೆ. ಎಮ್ಮೆ ಮಾತ್ರ ಬಹಳ ಚೆನ್ನಾಗಿದೆ, ಅಡ್ಡ ಬಂದರೆ ಅಲುಗುವುದೇ ಇಲ್ಲ. ಪೆನ್ ಡ್ರೈವ್‌ನಲ್ಲಿ ತಂದಿದ್ದೇನೆ, ಬೇಕಾದವರು ಹಾಕಿಕೊಳ್ಳಿ. ಆ ಚಕ್ರ ಮೊದಲು ಸರಿ ಮಾಡಬೇಕು. ಆಮೇಲೆ, ನನಗೆ ಒಂದು ಯೋಚನೆ ಬಂದಿದೆ, ಬಾರಾ ಕಮಾನನ್ನೂ ಸೇರಿಸಿದರೆ ಹೇಗೆ, ಸಂಜೆಯ ಬಿಸಿಲಲ್ಲಿ ಕಮಾನುಗಳ ನೆರಳು ಉದ್ದಕ್ಕೆ...

ಬಾಗಿಲ ಹತ್ತಿರ ನಿಂತಿದ್ದ ಅಟೆಂಡರ್: ಸರ, ಸಾಕ್ರಿ. ಚಾ ಆರಾಕತ್ತೈತಿ.